ಗೇಮ್ ಒಳಗಿನ ನಂಬರ್‌ಗಳನ್ನ ಆಡೋರ ಕೈಗೆ ಕೊಡ್ಬೋದಾ? ಅನುಭವ ಇದ್ದೋರು ಹೇಳಿ

ತಮ್ಮನೂ ನಾನೂ ಸೇರಿ ಒಂದು ಚಿಕ್ಕ ಪ್ಲಾಟ್‌ಫಾರ್ಮರ್ (ಗೊಂಬೆ ಹಾರ್ಕೊಂಡು ಮುಂದೆ ಹೋಗೋ) ಗೇಮ್ ಮಾಡ್ತಿದೀವಿ. ಗ್ರಾವಿಟಿ ಎಷ್ಟು, ಎಷ್ಟೆತ್ತರ ಹಾರ್ಬೋದು, ಒಂದೇಟು ಬಿದ್ರೆ ಎಷ್ಟು ಹೆಲ್ತ್ ಹೋಗುತ್ತೆ ಎಲ್ಲಾ ಒಂದು ಟೆಕ್ಸ್ಟ್ ಫೈಲಲ್ಲಿದೆ, ನೋಟ್‌ಪ್ಯಾಡಲ್ಲಿ ತೆಗೆದು ಯಾರು ಬೇಕಾದ್ರೂ ತಿದ್ಬೋದು. ಲಾಕ್ ಮಾಡೋಣ ಅಂತಾನೆ ಅವನು, ಇರ್ಲಿ ಬಿಡು ಅಂತೀನಿ ನಾನು. ಲ್ಯಾನಲ್ಲಿ (ಎರಡು ಕಂಪ್ಯೂಟರ್ ಜೋಡ್ಸಿ) ಇಬ್ರು ಆಡೋ ರೇಸ್ ಮೋಡೂ ಅರ್ಧ ಆಗಿದೆ. ಇಂಥದ್ರಲ್ಲಿ ಕೈ ಸುಟ್ಕೊಂಡೋರು ಯಾರಾದ್ರೂ ಇದೀರಾ?

ಕೆಫೆ ಕಾಲದವನು:
ನಾವು ಕ್ಲಾಸ್ ಬಂಕ್ ಮಾಡಿ ಸೈಬರ್ ಕೆಫೇಲಿ ಕೌಂಟರ್ ಸ್ಟ್ರೈಕ್ 1.6 ಆಡ್ತಿದ್ದಾಗ ಸರ್ವರ್ ಹಾಕಿದವನು ಕನ್ಸೋಲ್ (ಕಮಾಂಡ್ ಟೈಪ್ ಮಾಡೋ ಜಾಗ) ತೆಗೆದು ಗ್ರಾವಿಟಿ 800 ಇದ್ದಿದ್ದನ್ನ 200 ಮಾಡ್ಬಿಡ್ತಿದ್ದ, ಶುರುವಿನ ದುಡ್ಡು 800ರಿಂದ 16000, ಮೊದಲ್ನೇ ರೌಂಡಲ್ಲೇ ಎಲ್ರ ಕೈಲೂ ದುಬಾರಿ ಸ್ನೈಪರ್ ಗನ್ ಎಡಬ್ಲ್ಯೂಪಿ, ಗಾಳೀಲಿ ತೇಲ್ಕೊಂಡು ಗುಂಡು ಹೊಡಿಯೋದು, ನಕ್ಕು ನಕ್ಕು ಹೊಟ್ಟೆ ಹಿಡ್ಕೊಳೋದು. ಒಂದಿನಾನೂ ಜಗಳ ಇಲ್ಲ, ರೂಲ್ ಎಲ್ರಿಗೂ ಒಂದೇ ಅಲ್ವಾ. ಜಗಳ ಆಗಿದ್ದು ಮೂಲೆ ಸಿಸ್ಟಮ್ಮಿನವನು ಗಾಮಾ (ಸ್ಕ್ರೀನಿನ ಬೆಳಕು) ಏರಿಸ್ಕೊಂಡು ಕತ್ತಲಲ್ಲಿ ಅಡಗಿದ್ದೋರನ್ನೆಲ್ಲ ಆರಾಮಾಗಿ ಹೊಡೀತಿದಾನೆ ಅಂತ ಗೊತ್ತಾದ ದಿನ. ಅದಕ್ಕೇ ಅಕ್ಕಾ, ರೇಸಲ್ಲಿ ನಂಬರ್ ಸರ್ವರಿಂದ್ಲೇ ಬರ್ಲಿ, ಅವರವರ ಫೈಲ್ ಓದ್ಲೇಬೇಡಿ.

ಹಳೇ ಕ್ವೇಕ್ ಹುಚ್ಚ:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಬ್ಯಾಲೆನ್ಸಿಗೂ ಅದಕ್ಕೂ ಏನ್ ಸಂಬಂಧ ಅನ್ಸೋ ಸೆಟ್ಟಿಂಗೇ ಜಾಸ್ತಿ ಡೇಂಜರ್. 1999ರ ಶೂಟಿಂಗ್ ಗೇಮ್ ಕ್ವೇಕ್ 3ಲಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋದು) 125ಕ್ಕೆ ಇಟ್ಕೊಂಡೋರು ಬೇರೆಯವರಿಗಿಂತ ಎತ್ತರ ಹಾರ್ತಿದ್ರು! ಫ್ರೇಮಿಗೆ ಸರಿಯಾಗಿ 8 ಮಿಲಿಸೆಕೆಂಡ್, ಪ್ರತಿ ಫ್ರೇಮಲ್ಲೂ ವೇಗಾನ ರೌಂಡ್ ಮಾಡ್ತಿತ್ತು, ಆ ಚಿಲ್ಲರೆ ಎಲ್ಲಾ ಸೇರಿ ಜಿಗಿತ ಉದ್ದ ಆಗೋದು. ಲಾಕ್ ಮಾಡೋ ಮುಂಚೆ ನಿಮ್ಮ ಫಿಸಿಕ್ಸ್ ಫ್ರೇಮ್ ರೇಟಿಗೆ ಅಂಟ್ಕೊಂಡಿದ್ಯಾ ನೋಡಿ.

ಒಂದೇ ಕೈ ಗೇಮರ್:
ಒಬ್ರೇ ಆಡೋದಾದ್ರೆ ದಯವಿಟ್ಟು ಲಾಕ್ ಮಾಡ್ಬೇಡಿ. ಹೆಬ್ಬೆರಳು ಆಪರೇಷನ್ ಆದ್ಮೇಲೆ ನಾನು ಸೆಲೆಸ್ಟ್ ಅನ್ನೋ ಪ್ಲಾಟ್‌ಫಾರ್ಮರ್ ಮುಗ್ಸಿದ್ದು ಅಸಿಸ್ಟ್ ಮೋಡ್ (ಆಟ ಸುಲಭ ಮಾಡ್ಕೊಳೋ ಸೆಟ್ಟಿಂಗ್) ಇದ್ದಿದ್ದಕ್ಕೇ. ಸ್ಪೀಡು 100 ಪರ್ಸೆಂಟಿಂದ 50ರವರೆಗೆ ಹತ್ತತ್ತೇ ಇಳಿಸ್ಬೋದು, ನಾನು 70ರಲ್ಲಿ ಆಡ್ದೆ, ಅಷ್ಟರಲ್ಲೂ ಬೆವರು ಕಿತ್ಕೊಂಡು ಬಂತು. ಅಚೀವ್‌ಮೆಂಟೂ ಕಿತ್ಕೊಳಲ್ಲ. ಅದೆಲ್ಲಾ ಮೆನುಲೇ ಇದೆ ಕಣ್ರೀ, ಫೈಲಲ್ಲಿ ಹುಡುಕೋ ಕೆಲ್ಸ ಇಲ್ಲ. ನಮ್ಮಮ್ಮಂಗೆ ನೋಟ್‌ಪ್ಯಾಡ್ ತೆಗಿ ಅಂದ್ರೆ ಆಗುತ್ತಾ?

ಬಗ್ ಲೆಕ್ಕದವ:
ಇನ್ನೊಂದು. ಜನ ಫೈಲ್ ತಿದ್ದಿ, ತಿದ್ದಿದ್ದು ಮರ್ತು, ಆಮೇಲೆ ಬಗ್ ಇದೆ ಅಂತ ನಿಮ್ಗೇ ಬೈತಾರೆ. ಗೋಡೆ ಒಳಗೆ ಸಿಕ್ಕಾಕೊಳ್ತೀನಿ ಅಂತ ಬಂದ ಒಂದು ಕಂಪ್ಲೇಂಟಿಗೆ ಎರಡು ರಾತ್ರಿ ಕೂತೆ, ನೋಡಿದ್ರೆ ಪುಣ್ಯಾತ್ಮ ಸ್ಪೀಡ್ ಹತ್ತು ಪಟ್ಟು ಮಾಡಿದ್ದ. ಏನೇನು ಬದಲಾಗಿದೆ ಅನ್ನೋದು ಕ್ರ್ಯಾಶ್ ಲಾಗಲ್ಲಿ (ಗೇಮ್ ಕೆಟ್ಟು ನಿಂತಾಗ ಬರೆಯೋ ಫೈಲಲ್ಲಿ) ಬರೋ ಹಂಗೆ ಮಾಡಿ, ಹಳೇದಕ್ಕೆ ವಾಪಸ್ ಹೋಗೋಕೆ ಒಂದು ಬಟನ್ ಇಡಿ.

ಕೇಳಿದವಳು:
ಎಲ್ರಿಗೂ ಥ್ಯಾಂಕ್ಸ್. ಕ್ವೇಕ್ ವಿಷ್ಯ ಓದಿ ಚೆಕ್ ಮಾಡಿದ್ವಿ. ನನ್ನ ಲ್ಯಾಪ್‌ಟಾಪಲ್ಲಿ ಫ್ರೇಮ್ ರೇಟ್ 60, ತಮ್ಮಂದ್ರಲ್ಲಿ 144, ಅವನ ಗೊಂಬೆ ನಂದಕ್ಕಿಂತ ಎತ್ತರ ಹಾರ್ತಿದೆ. ಒಂದ್ ತಿಂಗಳಿಂದ ರೇಸಲ್ಲಿ ಅವನೇ ಗೆಲ್ತಿದ್ದ, ಕಳ್ಳ.