ಎಂಟು ಸಾವಿರದ ಟೀಶರ್ಟ್ ಹಾಕ್ಕೊಂಡ್ರೆ ಬಂಡಾಯನಾ, ಬರೀ ಶಾಪಿಂಗಾ?

ಓವರ್‌ಸೈಜ್_ಒಡೆಯ
ಮುಂದಿನ ವಾರ ಕಾಲೇಜಲ್ಲಿ ಪ್ರೆಸೆಂಟೇಶನ್ ಇದೆ, ಸ್ಟ್ರೀಟ್‌ವೇರ್ (ಬೀದಿ ಹುಡುಗರ ಸ್ಟೈಲಿಂದ ಬಂದ ಫ್ಯಾಶನ್) ಮತ್ತೆ ಬಂಡಾಯ ಅಂತ ನಾನೇ ಟಾಪಿಕ್ ಆರಿಸ್ಕೊಂಡೆ, ಬಟ್ಟೆ ಹುಚ್ಚು ಸ್ವಲ್ಪ ಜಾಸ್ತಿ ನಂಗೆ. ಆದ್ರೆ ಫ್ರೆಂಡ್ ಒಬ್ಬ ಎಲ್ಲರ ಮುಂದೆ ಕೇಳ್ಬಿಟ್ಟ, "ಎಂಟು ಸಾವಿರ ಕೊಟ್ಟು ಟೀಶರ್ಟ್ ತಗೊಳೋದು ಯಾರ ವಿರುದ್ಧ ಬಂಡಾಯ ಮಗಾ, ನಿಮ್ಮಪ್ಪನ ವಿರುದ್ಧನಾ?" ಅಂತ. ಉತ್ತರ ಹೊಳೀಲಿಲ್ಲ. ಯೋಚನೆ ಮಾಡಿದ್ರೆ ಅವನು ಹೇಳಿದ್ರಲ್ಲೂ ಪಾಯಿಂಟ್ ಇದೆ, ಸುಪ್ರೀಮ್ ಅನ್ನೋ ಬಟ್ಟೆ ಬ್ರ್ಯಾಂಡ್ ನ್ಯೂಯಾರ್ಕಲ್ಲಿ 1994ರಲ್ಲಿ ಸ್ಕೇಟ್‌ಬೋರ್ಡ್ ಹುಡುಗರ ಅಂಗಡಿಯಾಗಿ ಶುರುವಾಗಿದ್ದು, 2020ರಲ್ಲಿ ವಿಎಫ್ ಅನ್ನೋ ಕಂಪನಿ ಅದನ್ನ 210 ಕೋಟಿ ಡಾಲರ್‌ಗೆ ತಗೊಳ್ತು. ಇಷ್ಟು ದುಡ್ಡಿನ ಬಂಡಾಯ ಎಲ್ಲಾದ್ರೂ ಇರುತ್ತಾ? ಗೊತ್ತಿರೋರು ಸ್ವಲ್ಪ ಹೇಳಿ ಗುರು.

ಹುಬ್ಬಳ್ಳಿ_ಹುಡುಗ
ತಮ್ಮಾ, ರೇಟ್ ನೋಡಬ್ಯಾಡ, ಆ ಬಟ್ಟಿ ಹಾಕ್ಕೊಂಡವಗ ಯಾರು ಹೊಡದ್ರು ಅದನ್ನ ನೋಡು. ಸುಪ್ರೀಮ್‌ಕಿಂತ ಐವತ್ತು ವರ್ಷ ಹಿಂದ ಹೋಗು, ಲಾಸ್ ಏಂಜಲೀಸ್, 1943. ಜೂಟ್ ಸೂಟ್ ಅಂತ ಇತ್ತು, ಉದ್ದಂದ ಕೋಟು, ಅಗಲ ಭುಜ, ಪ್ಯಾಂಟ್ ತೊಡಿ ಹತ್ರ ದೊಗಲಿ, ಕೆಳಗ ಪಾದದ ಹತ್ರ ಬಿಗಿ. ಕರಿಯರ ಜಾಝ್ ಮಂದಿಯಿಂದ ಬಂದಿದ್ದು, ಅಲ್ಲಿ ಮೆಕ್ಸಿಕನ್ ಮೂಲದ ಹುಡುಗರು ಹಾಕ್ತಿದ್ರು. ಯುದ್ಧದ ಟೈಮು, ಸರ್ಕಾರ 1942ರಾಗ ಉಣ್ಣಿ ಬಟ್ಟಿಗೆ ಮಿತಿ ಹಾಕಿತ್ತು, ಇವರು ಮಾತ್ರ ಗಜಗಟ್ಟಲೆ ಬಟ್ಟಿ ಸುತ್ಕೊಂಡು ತಿರಗತಾರಂತ ಮಂದಿಗೆ ಸಿಟ್ಟು. ಜೂನ್‌ನಾಗ ನೌಕಾಪಡಿ ಹುಡುಗರು ಗುಂಪು ಕಟ್ಟಿ ಬಂದು ಜೂಟ್ ಸೂಟ್ ಕಂಡವರನ್ನೆಲ್ಲ ಹಿಡದು ಹೊಡದು ನಡುಬೀದ್ಯಾಗ ಕೋಟು ಪ್ಯಾಂಟು ಬಿಚ್ಚಿಸಿ ಹರದ್ರು, ಪೊಲೀಸರು ಅರೆಸ್ಟ್ ಮಾಡಿದ್ದು ಹೊಡಿಸ್ಕೊಂಡವರನ್ನ! ಮ್ಯಾಲೆ ನಗರಸಭೆ ಆ ಸೂಟನ್ನೇ ಬ್ಯಾನ್ ಮಾಡಬೇಕಂತ ನಿರ್ಣಯ ಮಾಡ್ತು. ನಿನ್ನ ಎಂಟು ಸಾವಿರದ ಟೀಶರ್ಟ್ ನೋಡಿ ಯಾರರ ಹಂಗ ಹೆದರ್ಯಾರೇನು?

ಜರ್ಸಿಸಿಟಿ_ಕನ್ನಡತಿ
ಹುಬ್ಬಳ್ಳಿಯವ್ರು ಹೇಳಿದ್ದು ಸರಿ, ಆದ್ರೆ ಪ್ರಶ್ನೇಲಿ ಬ್ರ್ಯಾಂಡು, ದುಡ್ಡು ಇದ್ಯಲ್ಲ, ಅದಕ್ಕೆ ಡ್ಯಾಪರ್ ಡ್ಯಾನ್ ಅನ್ನೋ ಡಿಸೈನರ್ ಕಥೆನೇ ಬೇಕು. ನಿಮ್ಮ ಪ್ರೆಸೆಂಟೇಶನ್ ಪೂರ್ತಿ ಇವನೊಬ್ಬನ ಮೇಲೆ ಮಾಡಿದ್ರೂ ಸಾಕು.

ಹೆಸರು ಡೇನಿಯಲ್ ಡೇ, ನ್ಯೂಯಾರ್ಕಲ್ಲಿ ಕರಿಯರ ಏರಿಯಾ ಅಂತಲೇ ಹೆಸರಾದ ಹಾರ್ಲೆಮ್‌ನೋನು. 1982ರಲ್ಲಿ 125ನೇ ಬೀದೀಲಿ ಅಂಗಡಿ ತೆಗೆದ, ಹಗಲೂ ರಾತ್ರಿ ತೆರೆದಿರೋದು. ಕರಿಯರ ಹತ್ರ ದುಡ್ಡಿದ್ರೂ ದೊಡ್ಡ ಬ್ರ್ಯಾಂಡ್ ಅಂಗಡಿಗಳಲ್ಲಿ ಅವರನ್ನ ಕಳ್ಳರ ಥರ ನೋಡ್ತಿದ್ದ ಕಾಲ ಅದು. ಇವನು ಮೊದಲು ಗುಚ್ಚಿ ಕಂಪನಿಯ ಸೂಟ್ ಇಡೋ ಬ್ಯಾಗ್‌ಗಳನ್ನೇ ಕೊಂಡು ಕತ್ತರಿಸಿ ಬಟ್ಟೆಗೆ ಹೊಲಿದ, ಅದು ಸಾಲ್ದೆ ಇದ್ದಾಗ ಲೆದರ್ ಮೇಲೆ ಲೋಗೋನ ತಾನೇ ಪ್ರಿಂಟ್ ಮಾಡೋದು ಕಲಿತ. ಸೆನೆಗಲ್‌ನಿಂದ ಬಂದ ಟೈಲರ್‌ಗಳನ್ನ ಇಟ್ಕೊಂಡು ರ‍್ಯಾಪರ್‌ಗಳಿಗೆ, ಬಾಕ್ಸರ್‌ಗಳಿಗೆ ಜಾಕೆಟ್ ಹೊಲಿಸಿದ, ಕಾರ್ ಸೀಟನ್ನೂ ಬಿಡ್ಲಿಲ್ಲ, ಅದಕ್ಕೂ ಲೋಗೋ. ಮಜಾ ಏನಂದ್ರೆ ಇವನು ಲೋಗೋ ಹಾಕ್ತಿದ್ದ ಇನ್ನೊಂದು ದುಬಾರಿ ಬ್ರ್ಯಾಂಡ್ ಲೂಯಿ ವಿಟಾನ್ ಆಗಿನ್ನೂ ಬಟ್ಟೆನೇ ಮಾಡ್ತಿರ್ಲಿಲ್ಲ, ಬರೀ ಬ್ಯಾಗು ಪೆಟ್ಟಿಗೆ. ಅವರ ಮೊದಲ ಬಟ್ಟೆ ಕಲೆಕ್ಷನ್ ಬಂದಿದ್ದು 1998ರಲ್ಲಿ. ಅಂದ್ರೆ ನಕಲಿ ಮೊದಲು, ಅಸಲಿ ಆಮೇಲೆ!

ಕಂಪನಿ ವಕೀಲರ ಕಾಟ, ರೇಡ್ ಎಲ್ಲ ಆಗಿ 1992ರಲ್ಲಿ ಅಂಗಡಿ ಮುಚ್ತು. 2017ರಲ್ಲಿ ಗುಚ್ಚಿ ಶೋಲಿ ಒಂದು ಜಾಕೆಟ್ ಬಂತು, ಬಲೂನ್ ಥರ ಉಬ್ಬಿದ ತೋಳು, ಡ್ಯಾನ್ 1989ರಲ್ಲಿ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ ಮಾಡಿಕೊಟ್ಟಿದ್ದ ಜಾಕೆಟ್ಟೇ, ಲೋಗೋ ಮಾತ್ರ ಬೇರೆ, ಮೊದಲು ಇದ್ದಿದ್ದು ಲೂಯಿ ವಿಟಾನ್‌ದು. ಜನ ಆನ್‌ಲೈನಲ್ಲಿ ಹಿಡಿದು ಉಗಿದ್ರು, ಆಮೇಲೆ ಗುಚ್ಚಿನೇ ಅವನ ಜೊತೆ ಕೈ ಜೋಡಿಸ್ತು, 2018ರಲ್ಲಿ ಹಾರ್ಲೆಮ್‌ನಲ್ಲಿ ಅವನ ಅಂಗಡಿ ಮತ್ತೆ ತೆರೀತು, ಈ ಸಲ ಬಟ್ಟೆ ಸಪ್ಲೈ ಗುಚ್ಚಿದೇ.

ಸುಮ್ನೆ_ಕೇಳ್ದೆ
ಮೇಡಂ ಕಥೆ ಸೂಪರ್, ಆದ್ರೆ ಒಪ್ಪೋದು ಕಷ್ಟ. ಶ್ರೀಮಂತರ ಲೋಗೋನ ಮೈತುಂಬ ಹಾಕ್ಕೊಂಡ್ರೆ ಶ್ರೀಮಂತರನ್ನ ಒಪ್ಪಿಕೊಂಡಂಗೆ ಅಲ್ವಾ? ಅವನ ಗಿರಾಕಿಗಳಲ್ಲಿ ಡ್ರಗ್ಸ್ ದಂಧೆಯೋರೂ ಇದ್ರು. ನನ್ನ ಕೇಳಿದ್ರೆ ನ್ಯೂಯಾರ್ಕಿನದೇ ಕ್ವೀನ್ಸ್ ಭಾಗದ ಶರ್ಟ್ ಕಿಂಗ್ಸ್ ಅನ್ನೋ ತಂಡದ ಹುಡುಗ್ರೇ ವಾಸಿ, 1986ರಲ್ಲಿ ಜಮೈಕಾ ಅನ್ನೋ ಏರಿಯಾದ ಮಾಲ್‌ನಲ್ಲಿ ಒಂದು ಸ್ಟಾಲ್ ಹಾಕ್ಕೊಂಡು ಟೀಶರ್ಟ್ ಮೇಲೆ ಏರ್‌ಬ್ರಷ್‌ನಲ್ಲಿ, ಅಂದ್ರೆ ಗಾಳಿಯಿಂದ ಬಣ್ಣ ಸಿಂಪಡಿಸೋ ಪೆನ್ನಲ್ಲಿ, ಚಿತ್ರ ಬರೆದುಕೊಡೋರು. ಗೋಡೆ ಮೇಲೆ, ಟ್ರೈನ್ ಮೇಲೆ ಗ್ರಾಫಿಟಿ ಬರೆದ್ರೆ ಪೊಲೀಸ್ ಹಿಡೀತಿದ್ರು, ಅದೇ ಚಿತ್ರ ಎದೆ ಮೇಲೆ ಹೊತ್ಕೊಂಡು ಓಡಾಡಿದ್ರೆ ಯಾರೂ ಏನೂ ಮಾಡಂಗಿಲ್ಲ. ಅದು ಕಲೆ. ಡ್ಯಾನ್‌ದು ಬಿಸಿನೆಸ್.

ಜರ್ಸಿಸಿಟಿ_ಕನ್ನಡತಿ
ಬಿಸಿನೆಸ್ಸೇ, ಯಾರು ಅಲ್ಲ ಅಂದ್ರು. ಆದ್ರೆ ಒಳ್ಳೆ ಬಟ್ಟೆ ಹಾಕೋಕೆ ಇವರಿಗೆ ಯೋಗ್ಯತೆ ಇಲ್ಲ ಅಂತ ಊರೆಲ್ಲ ಅಂದಾಗ, ಹಾಕ್ಕೊಂಡು ಎದುರಿಗೆ ನಿಲ್ಲೋದು ಒಪ್ಪಿಗೆ ಹೆಂಗಾಗುತ್ತೆ? ಅಮೆರಿಕಾನೇ ಬೇಡ, 2023ರಲ್ಲಿ ಗುಜರಾತಿನ ಬನಾಸ್‌ಕಾಂಠಾದಲ್ಲಿ ಒಬ್ಬ ದಲಿತ ಯುವಕ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಕೂಲಿಂಗ್ ಗ್ಲಾಸ್ ಹಾಕಿದ ಅಂತ ಹೊಡೆದ್ರಲ್ಲ, ಪೇಪರಲ್ಲೆಲ್ಲ ಬಂದಿತ್ತು. ಅಂಬೇಡ್ಕರ್ ಸೂಟಿನ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ.

ಪ್ರಿಂಟಿಂಗ್_ಮಂಜಣ್ಣ
ಪೀಣ್ಯ ಕಡೆ ಸ್ಕ್ರೀನ್ ಪ್ರಿಂಟಿಂಗ್ (ಜಾಲರಿ ಮೂಲಕ ಇಂಕ್ ಒತ್ತೋದು) ಯೂನಿಟ್ ನಂದು. ಬಂಡಾಯ ಗಿಂಡಾಯ ನಂಗೆ ಅಷ್ಟು ತಿಳಿಯಲ್ಲ, ಆದ್ರೆ ಲೆದರ್ ಮೇಲೆ ಪ್ರಿಂಟ್ ಅಂದ್ರಲ್ಲ ಅಲ್ಲಿ ಕಿವಿ ನಿಮಿರ್ತು. ಬಟ್ಟೆ ಆದ್ರೆ ಇಂಕ್ ನೂಲನ್ನ ಹಿಡ್ಕೊಳುತ್ತೆ, ಲೆದರಿಗೆ ಹಿಡಿಯೋಕೆ ಏನೂ ಇರಲ್ಲ, ಮೊಣಕೈ ಮಡಿಚಿದ ಕಡೆ ಬಿರುಕು ಬಿಟ್ಟು ಉದುರುತ್ತೆ. ಯಾರೂ ಹೇಳಿಕೊಡ್ದೆ ಇಂಕ್ ಉದುರದೆ ನಿಲ್ಲೋ ಹಂಗೆ ಮಾಡಿದಾನೆ ಅಂದ್ರೆ ಆವಯ್ಯ ಸಾಮಾನ್ಯ ಕಸುಬುದಾರ ಅಲ್ಲ ಬಿಡಿ. ಕರೀ ಟೀಶರ್ಟ್ ಮೇಲೆ ಹಳದಿ ಕೂರಬೇಕಂದ್ರೇನೇ ಮೊದಲು ಬಿಳಿ ಹೊಡೀಬೇಕು, ಒಣಗಿಸ್ಬೇಕು, ಆಮೇಲೆ ಹಳದಿ, ಸ್ಕ್ರೀನ್ ಕೂದಲೆಳೆ ಆಚೆ ಈಚೆ ಆದ್ರೆ ಅಂಚಲ್ಲಿ ಬಿಳಿ ಇಣುಕುತ್ತೆ. ಎಂಟು ಸಾವಿರದ್ದಕ್ಕೂ ಇಷ್ಟೇ ಕೆಲಸ, ಮುನ್ನೂರರದ್ದಕ್ಕೂ ಇಷ್ಟೇ. ದುಡ್ಡು ಕೊಟ್ಟು ಯಾಕ್ ತಗೋತೀಯ, ನೀನೇ ಒಂದು ಡಿಸೈನ್ ಬರಿ.

ಓವರ್‌ಸೈಜ್_ಒಡೆಯ
ಎಲ್ರಿಗೂ ಥ್ಯಾಂಕ್ಸ್, ಜೂಟ್ ಸೂಟ್ ಮತ್ತೆ ಡ್ಯಾನ್ ಎರಡೂ ಹಾಕ್ತೀನಿ. ಶರ್ಟ್ ಕಿಂಗ್ಸ್ ಫೋಟೋ ಸಿಕ್ರೆ ಕೊನೇ ಸ್ಲೈಡ್‌ಗೆ. ಮಂಜಣ್ಣ, ಹತ್ತೇ ಪೀಸ್ ಆದ್ರೆ ಹೊಡೆದುಕೊಡ್ತೀರಾ?

ಪ್ರಿಂಟಿಂಗ್_ಮಂಜಣ್ಣ
ಹತ್ತಕ್ಕೆ ಸ್ಕ್ರೀನ್ ಖರ್ಚೂ ಗಿಟ್ಟಲ್ಲ ಮರಿ, ಆದ್ರೂ ಬಾ. ಎರಡು ಬಣ್ಣದೊಳಗೆ ಇರಲಿ, ಸಣ್ಣ ಸಣ್ಣ ಗೆರೆ ಬೇಡ. ಗುಚ್ಚಿ ಗಿಚ್ಚಿ ಲೋಗೋ ತಂದ್ರೆ ಮಾತ್ರ ಗೇಟ್ ಒಳಗೇ ಬಿಡಲ್ಲ, ಆ ವಕೀಲ್ರನ್ನ ಸುಧಾರಿಸೋ ಶಕ್ತಿ ನಂಗಿಲ್ಲ.