ಮಂಗನ ಕಾಯಿಲೆ ವೈರಸ್ ರೂಪ ಬದಲಿಸಿದೆಯೇ?

ಸಿದ್ದಾಪುರ ಆರೋಗ್ಯ: ಹಳೇ ಲಸಿಕೆ ಸರಿಯಾಗಿ ಫಲಿಸದ್ದಕ್ಕೆ ರೂಪಾಂತರವೇ ಕಾರಣ ಎಂಬುದು ನನ್ನ ವಾದ. ಇದು ಆರ್‌ಎನ್‌ಎ ವೈರಸ್. ಅದರ ಜೀನೋಮಿನಲ್ಲಿ (ಪೂರ್ತಿ ಆನುವಂಶಿಕ ಬರಹದಲ್ಲಿ) ಸುಮಾರು 11 ಸಾವಿರ ಅಕ್ಷರ, ನಕಲಿನ ತಪ್ಪು ತಿದ್ದುವ ಕಿಣ್ವವಿಲ್ಲ. ಆ ಕಿಣ್ವ ಇದ್ದೂ ಕೊರೊನಾದಲ್ಲಿ ಅಷ್ಟು ತಳಿ ಬಂತು. 1957ರಿಂದ ಇದು ಸುಮ್ಮನಿದ್ದೀತೇ?

ಶಿರಸಿ ಪಶುವೈದ್ಯೆ: ತಪ್ಪಾಗುವುದು ಬೇರೆ, ತಪ್ಪು ಉಳಿಯುವುದು ಬೇರೆ ಸರ್. ಇದು ಉಣುಗಿನೊಳಗೂ ಬೆಳೆಯಬೇಕು, ಮಂಗ-ಇಲಿಗಳ ರಕ್ತದಲ್ಲೂ ಬೆಳೆಯಬೇಕು. ಒಂದು ಕಡೆ ಅನುಕೂಲವಾದ ಬದಲಾವಣೆ ಇನ್ನೊಂದು ಕಡೆ ಮುಳುವಾದರೆ ಅಲ್ಲೇ ಅಳಿಯುತ್ತದೆ. ಉಣುಗು ಒಂದೊಂದು ಹಂತದಲ್ಲಿ ಒಂದೇ ಸಲ ರಕ್ತ ಹೀರುವುದು, ಹಾಗಾಗಿ ವೈರಸ್ ತಿಂಗಳುಗಟ್ಟಲೆ ಅದರಲ್ಲೇ ಕೂತಿರುತ್ತದೆ. ಮನುಷ್ಯರಿಂದ ಮನುಷ್ಯರಿಗಂತೂ ಹರಡುವುದೇ ಇಲ್ಲ. ಲಸಿಕೆಯ ಲೆಕ್ಕವೂ ನೋಡಿ: 2005–10ರಲ್ಲಿ ಎರಡು ಡೋಸ್‌ಗೆ ಶೇ. 62 ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83. ಒಂದೇ ಡೋಸ್‌ಗೆ ರಕ್ಷಣೆ ಸಿಕ್ಕಿರಲಿಲ್ಲ. ಅಂದರೆ ಡೋಸ್ ಪೂರ್ತಿಯಾಗದ್ದೂ ಕಾರಣವಿರಬಹುದು.

ಕುಮಟಾ ಬಯಾಲಜಿ: ಬರೀ ಬದಲಾವಣೆ ಎಣಿಸಿದರೆ ತಳಿಗಳ ಸಂಬಂಧ ತಿಳಿಯದು ಮಾರಾಯ್ರೇ. ಯಕ್ಷಗಾನ ಪ್ರಸಂಗದ ಎರಡು ಕೈಬರಹದ ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪುಗಳು ಸಾಲಾಗಿ ಸಿಕ್ಕರೆ ಎರಡಕ್ಕೂ ಮೂಲ ಒಂದೇ ಎನ್ನುತ್ತೇವಲ್ಲ, ಇಲ್ಲೂ ಅದೇ. ಕೊರೊನಾವನ್ನೇ ನೋಡಿ: ಡೆಲ್ಟಾದ ಎಲ್452ಆರ್, ಪಿ681ಆರ್ ಎಂಬ ರೂಪಾಂತರದ ಗುರುತುಗಳು ಮೊದಲ ಓಮಿಕ್ರಾನ್‌ನಲ್ಲಿ ಇರಲಿಲ್ಲ, ಅದು ಡೆಲ್ಟಾದ ಮಗುವಲ್ಲ. ಆದರೆ ಎಲ್452ಆರ್ ಓಮಿಕ್ರಾನ್‌ನದೇ ಕವಲಾದ ಬಿಎ.5ರಲ್ಲಿ ಮತ್ತೆ ತಾನಾಗಿ ಮೂಡಿತು! ಒಂದೇ ಗುರುತು ನೋಡಿ ನೆಂಟಸ್ತಿಕೆ ಕಟ್ಟಬಾರದು. ಎಕ್ಸ್‌ಬಿಬಿ ತಳಿಯಂತೂ ಓಮಿಕ್ರಾನ್‌ನ ಎರಡು ಬಿಎ.2 ಕವಲು ಬೆರೆತು ಹುಟ್ಟಿದ್ದು, ಅದಕ್ಕೆ ಒಂದೇ ವಂಶವೃಕ್ಷ ಸಾಲದು.

ಕಾರವಾರ ಲ್ಯಾಬ್: ವಂಶವೃಕ್ಷ ಕೆಡುವುದು ಹೆಚ್ಚಾಗಿ ರೋಗಿಯಿಂದ ತೆಗೆದ ಮಾದರಿಯಲ್ಲೇ. ಜ್ವರ ಬಂದ ಮೊದಲ ವಾರದ ರಕ್ತ ಬೇಕು, ತಣ್ಣಗೇ ಬರಬೇಕು. ಆರ್‌ಟಿ-ಪಿಸಿಆರ್‌ನಲ್ಲಿ ಸಿಟಿ (ವೈರಸ್ ಪತ್ತೆಯಾಗಲು ಬೇಕಾದ ಸುತ್ತುಗಳ ಎಣಿಕೆ, ಹೆಚ್ಚಿದಷ್ಟೂ ವೈರಸ್ ಕಡಿಮೆ) 30 ದಾಟಿದರೆ ಜೀನೋಮಿನಲ್ಲಿ ತೂತು ಬೀಳತೊಡಗುತ್ತದೆ. ಓದಲಾಗದ ಜಾಗಕ್ಕೆ 'ಎನ್' ಹಾಕಬೇಕು. ಅಲ್ಲಿ ಹಳೇ ತಳಿಯ ಅಕ್ಷರ ತುಂಬಿದರೆ ಹೊಸ ಮಾದರಿ ಹಳೇದರ ಪಕ್ಕಕ್ಕೇ ಹೋಗಿ ಕೂರುತ್ತದೆ. ಮರದ ಬೇರು ಎಲ್ಲಿದೆಯೆಂದು ಗುರುತಿಸಲು ಸೌದಿಯ ಅಲ್ಖುರ್ಮಾ ವೈರಸ್ ಸೇರಿಸಿ, ಇದರ ಹತ್ತಿರದ ನೆಂಟ ಅದೇ.

ಸಿದ್ದಾಪುರ ಆರೋಗ್ಯ: ಅಲ್ಖುರ್ಮಾ 1942ರ ಹೊತ್ತಿಗೆ ಕವಲೊಡೆಯಿತು ಎಂಬ ಅಂದಾಜಿದೆ. ವೇಗ ಕಡಿಮೆಯೇನಲ್ಲ.

ಕಾರವಾರ ಲ್ಯಾಬ್: ಅದು 2009ರ ಅಂದಾಜು. 2011ರಲ್ಲಿ ಹೆಚ್ಚು ಮಾದರಿ ಸೇರಿಸಿದಾಗ ಸುಮಾರು 700 ವರ್ಷಕ್ಕೆ ಹೋಯಿತು. ಮಾದರಿ ಕಡಿಮೆಯಿದ್ದಾಗ ಬದಲಾವಣೆಯ ವೇಗದಿಂದ ಕಾಲ ಅಂದಾಜಿಸುವ ಈ ಗಡಿಯಾರವನ್ನು ನಂಬಬಾರದು. ಇನ್ನೊಂದು ಎಚ್ಚರಿಕೆ: ಚೀನಾದಲ್ಲಿ 1989ರಲ್ಲಿ ಸಿಕ್ಕಿತೆಂದ ತಳಿ ನಮ್ಮ 1957ರ ಪಿ9605 ತಳಿಯಂತೆಯೇ ಇತ್ತು. 32 ವರ್ಷ ಕಾಡಿನಲ್ಲಿ ಓಡಾಡಿದ ವೈರಸ್ ಹಾಗಿರುವುದಿಲ್ಲ, ಲ್ಯಾಬಿನ ಕಲಬೆರಕೆಯ ಶಂಕೆಯೇ ಗಟ್ಟಿ.

ಶಿರಸಿ ಪಶುವೈದ್ಯೆ: ಲಸಿಕೆಯ ಪ್ರಶ್ನೆಗೆ ಮರವೊಂದೇ ಉತ್ತರ ಕೊಡದು. ಲಸಿಕೆ ಪಡೆದವರ ಸೀರಂ (ಪ್ರತಿಕಾಯಗಳಿರುವ ರಕ್ತದ ದ್ರವ) ಹಳೇ ತಳಿ, ಈ ವರ್ಷದ ತಳಿ ಎರಡನ್ನೂ ಎಷ್ಟು ತಡೆಯುತ್ತದೆ ಎಂದು ಅಕ್ಕಪಕ್ಕ ಅಳೆಯಬೇಕು. ಹೊಸ ತಳಿಯ ಮೇಲೆ ಅದು ನಾಲ್ಕು ಪಟ್ಟು ಇಳಿದಿದ್ದರೆ ನಿಮ್ಮ ವಾದ ಒಪ್ಪುತ್ತೇನೆ.