ಐದನೇ ತರಗತಿಯಿಂದ ಎಲ್‌ಕೆಜಿಗೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತಿದ್ದೆ. ಈ ಜೂನ್‌ನಿಂದ ಎಲ್‌ಕೆಜಿ ಕೊಟ್ಟಿದ್ದಾರೆ. ನಲಿಕಲಿ (ಚಟುವಟಿಕೆಗಳ ಮೂಲಕ ನಲಿಯುತ್ತಾ ಕಲಿಸುವ ವಿಧಾನ) ತರಬೇತಿ ಆಗಿದೆ, ಆದರೆ ಅದು ಒಂದರಿಂದ ಮೂರನೇ ತರಗತಿಗೆ. ನಾಲ್ಕು ವರ್ಷದ ಮಕ್ಕಳು ಒಂದೇ ಕಡೆ ಹತ್ತು ನಿಮಿಷ ಕೂತರೆ ಜಾಸ್ತಿ, ಅಲ್ವಾ?

ನನ್ನ ದೊಡ್ಡ ಚಿಂತೆ ಬರವಣಿಗೆಯದ್ದು. ಮೊದಲ ತಿಂಗಳಲ್ಲೇ ಅ, ಆ, ಇ, ಈ ಬರೆಸಿ ಅಂತ ಪೋಷಕರು ಕೇಳುತ್ತಾರೆ. ಆ ಪುಟ್ಟ ಬೆರಳುಗಳಿಗೆ ಮೊದಲು ಜೇಡಿಮಣ್ಣು, ಮಣಿ ಪೋಣಿಸುವುದು, ಕಾಗದ ಹರಿಯುವುದು, ಮರಳಲ್ಲಿ ಗೀಚುವುದು ಬೇಕು. ಇದನ್ನು ಪೋಷಕರಿಗೆ ಬೇಸರವಾಗದಂತೆ ಹೇಗೆ ಹೇಳುತ್ತೀರಿ?

ಕೆಲವು ಮಕ್ಕಳ ಮನೆಮಾತು ಉರ್ದು, ತೆಲುಗು. ಅಮ್ಮ ಬೇಕು ಅಂತ ಅಳುವಾಗ ನನ್ನ ಕನ್ನಡ ಅವರಿಗೆ ಅರ್ಥವೇ ಆಗದಿದ್ದರೆ? ಅಂಗನವಾಡಿ, ಎಲ್‌ಕೆಜಿ ಟೀಚರ್‌ಗಳೇ, ನಿಮ್ಮ ಮೊದಲ ವಾರದ ದಿನಚರಿ, ಅಭಿನಯ ಗೀತೆಗಳನ್ನು ದಯವಿಟ್ಟು ಹಂಚಿಕೊಳ್ಳಿ.